ಅಂಕಿಗಿಂತ ಮೊದಲು ಅಳತೆಗೋಲು

2025ರಲ್ಲಿ ಕೇರಳದ ಹತ್ತನೆಯ ತರಗತಿಗೆ ರೋಬೋಟಿಕ್ಸ್ ಪಾಠ ಬಂದಿತು. ಆರ್ಡುಯಿನೋ ಫಲಕ ನಮ್ಮ ಮಕ್ಕಳ ಕೈಗೂ ಬಂದಿರುವುದು ಸಂತೋಷದ ವಿಷಯ. ಆದರೆ ತೆರೆಯ ಮೇಲೆ ಅಂಕಿ ಮೂಡಿದ ಕೂಡಲೇ ಪ್ರಯೋಗ ಮುಗಿಯಿತೆಂದು ತಿಳಿಯುವುದು ಸರಿಯಲ್ಲ.

ಆರ್ಡುಯಿನೋ ಊನೋ ಫಲಕದಲ್ಲಿ ಅನಲಾಗ್ ಸಂಕೇತವನ್ನು ಡಿಜಿಟಲ್ ಅಂಕಿಯಾಗಿಸುವ ಪರಿವರ್ತಕವಿದೆ. ಅದು 5 ವೋಲ್ಟನ್ನು 1024 ಪಾಲು ಮಾಡುತ್ತದೆ. ಒಂದು ಪಾಲು ಸುಮಾರು 4.9 ಮಿಲಿವೋಲ್ಟ್. ನಾವು ಬೇರೆ ಏರ್ಪಾಡು ಮಾಡದಿದ್ದರೆ, ಫಲಕಕ್ಕೆ ಕೊಟ್ಟ ವಿದ್ಯುತ್ತೇ ಅದರ ಅಳತೆಗೋಲು. ಹೊರಗಿನಿಂದ 2.5 ವೋಲ್ಟ್ ಕೊಟ್ಟಾಗ 512 ಬರಬೇಕು. ಪೂರೈಕೆ 4.8 ವೋಲ್ಟಿಗೆ ಇಳಿದಿದ್ದರೆ ಅದೇ ಸಂಕೇತಕ್ಕೆ 533 ಬರುತ್ತದೆ. ಸೇರನ್ನು ಕುಗ್ಗಿಸಿದರೆ ಅದೇ ಅಕ್ಕಿ ಹೆಚ್ಚು ಸೇರು ಕಾಣುವಂತೆ ಇದು.

ಆದ್ದರಿಂದ ಕ್ರಮ ಮುಖ್ಯ. ವಿದ್ಯುತ್ ಇಲ್ಲದಾಗಲೇ ತಂತಿ ಜೋಡಿಸಬೇಕು. ಫಲಕಕ್ಕೂ ಸಂವೇದಕಕ್ಕೂ ಗ್ರೌಂಡ್ ಒಂದೇ ಇರಬೇಕು. ಅನಂತರ ವಿದ್ಯುತ್ ಕೊಟ್ಟು, 5 ವೋಲ್ಟ್ ತುದಿಯನ್ನು ಮಲ್ಟಿಮೀಟರಿನಿಂದ ಅಳೆದು, ಬರೆದಿಟ್ಟುಕೊಳ್ಳಬೇಕು. ಪೂರೈಕೆಯನ್ನು ಮೀರಿದ ವೋಲ್ಟೇಜನ್ನು ಸಂಕೇತದ ತುದಿಗೆ ಕೊಡಕೂಡದು, ಚಿಪ್ ಕೆಟ್ಟೀತು.

ಕನ್ನಡ ಮಾಧ್ಯಮದವರಿಗೆ ಇದೆಲ್ಲ ಎಟುಕೀತೇ ಎಂಬುದು ಕೆಲವು ಪೋಷಕರ ಶಂಕೆ. 'ಅನಲಾಗ್', 'ಗ್ರೌಂಡ್' ಎಂಬ ಪದಗಳು ಇದ್ದಂತೆಯೇ ಇರಲಿ. 'ಏಕೆ' ಎಂಬುದಕ್ಕೆ ಉತ್ತರ ತಾಯ್ನುಡಿಯಲ್ಲಿ ಬರಲಿ. 533 ಏಕೆ ಬಂತೆಂದು ಕನ್ನಡದಲ್ಲಿ ವಿವರಿಸಬಲ್ಲ ವಿದ್ಯಾರ್ಥಿ ಅದನ್ನು ಇಂಗ್ಲಿಷಿನಲ್ಲಿಯೂ ಬೇಗನೆ ಹೇಳಬಲ್ಲನು. ಅಂಕಿಯನ್ನಷ್ಟೇ ಬರೆದುಕೊಂಡವನು ಯಾವ ಭಾಷೆಯಲ್ಲಿಯೂ ಹೇಳಲಾರನು. ಪೋಷಕರೇ, ಮನೆಗೆ ಬಂದ ಮಗುವನ್ನು "ಎಷ್ಟು ಬಂತು?" ಎನ್ನುವ ಮೊದಲು "ಹೇಗೆ ಅಳೆದೆ?" ಎಂದು ಕೇಳಿರಿ.