ನಾಲ್ಕು ವಾರ, ನಾಲ್ಕು ದೇಶ, ನಿಮಗೇನ್ರೀ ಕಷ್ಟ?

ಅಕ್ಕನ ಮಗಳು ಬೆಂಗಳೂರಿಂದ ಬೇಸಿಗೆ ಕೋರ್ಸಿಗೆ ಅಂತ ಹೋಗಿ ನಾಲ್ಕು ವಾರ ವಿಯೆನ್ನಾದಲ್ಲಿದ್ದಳು. ಶುಕ್ರವಾರ ಕ್ಲಾಸ್ ಮುಗಿದಿದ್ದೇ ತಡ, ಬಸ್ ಹತ್ತಿ ಒಂದು ವಾರ ಪ್ರಾಗ್, ಇನ್ನೊಂದು ವಾರ ಬುಡಾಪೆಸ್ಟ್. ರೈಲಲ್ಲಿ ಹೆಚ್ಚುಕಮ್ಮಿ ಒಂದೇ ಗಂಟೆ ಅಂತ ಬ್ರಾಟಿಸ್ಲಾವಾ ಕೂಡ. 'ಇದು ಪ್ರವಾಸಾನಾ, ಹಾಜರಿ ಹಾಕೋದಾ?' ಅಂತ ನಮ್ಮ ಆಫೀಸಲ್ಲೇ ನಕ್ಕರು. ಒಂದೇ ಊರಲ್ಲಿ ಕೂತು ನಿಧಾನವಾಗಿ ಕಾಫಿ ಹೀರಬೇಕಂತೆ.

ಸ್ವಾಮಿ, ನಿಧಾನಕ್ಕೂ ದುಡ್ಡು ಬೇಕು. ಷೆಂಗೆನ್ ವೀಸಾಕ್ಕೆ 90 ಯೂರೋ, ಅರ್ಜಿ ತಿರಸ್ಕಾರವಾದರೂ ವಾಪಸಿಲ್ಲ. ಮೇಲೆ 30,000 ಯೂರೋ ಮೊತ್ತದ ವಿಮೆ, ಅಪ್ಪನ ಬ್ಯಾಂಕ್ ಸ್ಟೇಟ್‌ಮೆಂಟು. ಅಲ್ಲಿನ ಹದಿನೆಂಟರ ಹುಡುಗರಿಗೋ, ಯುರೋಪಿಯನ್ ಒಕ್ಕೂಟವೇ 'ಡಿಸ್ಕವರ್ ಇಯು' ಅಂತ ಒಂದಷ್ಟು ಜನರನ್ನು ಆರಿಸಿ ಪುಕ್ಕಟೆ ರೈಲು ಪಾಸ್ ಕೊಡುತ್ತೆ! ಅವರು ಬೇಕಾದರೆ ಮುಂದಿನ ವರ್ಷವೂ ಹೋಗ್ತಾರೆ, ಕೂತು ಕುಡೀಲಿ ಕಾಫಿ. ಇವಳಿಗೆ ಮತ್ತೆ ಯಾವಾಗಲೋ. ಅದಕ್ಕೇ ನಿದ್ದೆ ರಾತ್ರಿ ಬಸ್ಸಲ್ಲಿ, ಊಟಕ್ಕೆ ಅಕ್ಕ ಕಟ್ಟಿಕೊಟ್ಟ ಅವಲಕ್ಕಿ. ಹಾಜರಿ ಅಂತಲೇ ಅನ್ನಿ, ಪರವಾಗಿಲ್ಲ.