ಕೋವಿಗೊಂದು ಬೆಲೆ, ಕಾಗದಕ್ಕೊಂದು ಬೆಲೆ

ಅಡಕೆಯ ಧಾರಣೆ ದಿನವೂ ಪತ್ರಿಕೆಯಲ್ಲಿ ಬರುತ್ತದೆ. ಶಿವಮೊಗ್ಗದಲ್ಲಿ ರಾಶಿ ಎಷ್ಟು, ಶಿರಸಿಯಲ್ಲಿ ಚಾಲಿ ಎಷ್ಟು ಎಂದು ತೋಟದಲ್ಲಿ ಕೂತೇ ಹೇಳಬಹುದು. ಚಿನ್ನದ ಬೆಲೆಗೆ ಫೋನ್ ತೆಗೆದರೆ ಸಾಕು. ಜ್ವರದ ಮಾತ್ರೆಯ ಹಿಂಬದಿಯಲ್ಲೂ ಗರಿಷ್ಠ ಮಾರಾಟ ಬೆಲೆ ಅಚ್ಚಾಗಿರುತ್ತದೆ. ಆದರೆ ಅದೇ ಅಡಕೆ ತೋಟವನ್ನು ಕಾಯಲು ಒಂದು ಒಂಟಿ ನಳಿಗೆಯ ಕೋವಿ ಬೇಕು, ಎಷ್ಟಾಗುತ್ತದೆ ಎಂದು ವಿಚಾರಿಸಿ ನೋಡಿ. ಅಂಗಡಿಯವರು ಮೊದಲು ಕೇಳುವುದು, "ಲೈಸೆನ್ಸ್ ಇದೆಯಾ? ಯಾವ ಜಿಲ್ಲೆಯದು?" ಎಂದು. ಬೆಲೆಯ ಮಾತು ಆಮೇಲೆ. ಆ ಬೆಲೆಯೂ ಪಕ್ಕದ ಊರಿನ ಅಂಗಡಿಯ ಬೆಲೆಗೆ ಹೊಂದಬೇಕೆಂದೇನಿಲ್ಲ.

ಹೀಗೇಕೆ ಎಂದರೆ ಸಾಮಾನ್ಯವಾಗಿ ಸಿಗುವ ಉತ್ತರ: ಸಾಗಾಣಿಕೆ, ತೆರಿಗೆ, ಬೇಡಿಕೆ. ಈ ಉತ್ತರ ಪೂರ್ತಿ ಸುಳ್ಳಲ್ಲ, ಆದರೆ ಮುಖ್ಯವಾದುದನ್ನು ಮುಚ್ಚಿಡುತ್ತದೆ. ಭಾರತದಲ್ಲಿ ಕೋವಿಯ ಬೆಲೆಯನ್ನು ಏರಿಳಿಸುವುದು ಕಬ್ಬಿಣವೂ ಅಲ್ಲ, ಕಮ್ಮಾರಿಕೆಯೂ ಅಲ್ಲ, ಕಾಗದ. ಆ ಕಾಗದವನ್ನು ಸರ್ಕಾರ ಯಾರಿಗೆ ಸಲೀಸಾಗಿ ಕೊಡುತ್ತದೆ, ಯಾರನ್ನು ಅಲೆದಾಡಿಸುತ್ತದೆ ಎಂಬುದೇ ಬೆಲೆಯ ನಿಜವಾದ ಪಟ್ಟಿ.

ತೆರಿಗೆಯನ್ನೇ ಮೊದಲು ನೋಡೋಣ. 2017ರಲ್ಲಿ ಜಿಎಸ್‌ಟಿ ಬಂದಾಗ ಪಿಸ್ತೂಲು, ರಿವಾಲ್ವರ್‌ಗಳನ್ನು ಶೇ. 28ರ ಸಾಲಿಗೆ ಹಾಕಿದರು. ಕಾನ್ಪುರದಲ್ಲೂ ಅದೇ ದರ, ಮಂಗಳೂರಿನಲ್ಲೂ ಅದೇ ದರ. ಅಂದಮೇಲೆ ರಾಜ್ಯದಿಂದ ರಾಜ್ಯಕ್ಕೆ ಬೆಲೆ ಬದಲಾದರೆ ಅದನ್ನು ತೆರಿಗೆಯ ತಲೆಗೆ ಕಟ್ಟಲು ಬರುವುದಿಲ್ಲ. ಇನ್ನು ತಯಾರಿಕೆ. ಲೈಸೆನ್ಸ್ ಇರುವ ಸಾಮಾನ್ಯರು ಕೊಳ್ಳುವ ರಿವಾಲ್ವರ್, ರೈಫಲ್‌ಗಳು ದಶಕಗಳ ಕಾಲ ಹೆಚ್ಚಾಗಿ ಕಾನ್ಪುರ, ಇಶಾಪುರದಂಥ ಸರ್ಕಾರಿ ಕಾರ್ಖಾನೆಗಳಿಂದಲೇ ಬಂದವು. 2021ರಲ್ಲಿ ಈ ಕಾರ್ಖಾನೆಗಳನ್ನು ಕಂಪನಿಗಳಾಗಿ ಒಡೆದರು, ಒಡೆಯ ಮಾತ್ರ ಸರ್ಕಾರವೇ. ಕಾರ್ಖಾನೆಯ ಬಾಗಿಲಲ್ಲಿ ಒಂದೇ ಬೆಲೆ ಇರುವ ಮಾಲು ಅಂಗಡಿಯ ಗಾಜಿನ ಕಪಾಟಿಗೆ ಬರುವಷ್ಟರಲ್ಲಿ ಬೇರೆ ಬೇರೆ ಬೆಲೆಯಾಗುತ್ತದೆ.

ನಡುವೆ ಏನಾಗುತ್ತದೆ? ಕೋವಿ ಮಾರಲು ಅಂಗಡಿಗೆ ಲೈಸೆನ್ಸ್ ಬೇಕು, ಆದ್ದರಿಂದ ಅಂಗಡಿಗಳು ಬೆರಳೆಣಿಕೆಯಷ್ಟು. ಕೊಳ್ಳುವವನ ಲೈಸೆನ್ಸಿಗೆ ಒಂದು ವ್ಯಾಪ್ತಿ ಇರುತ್ತದೆ: ಕೆಲವರದು ಜಿಲ್ಲೆಗೆ, ಕೆಲವರದು ರಾಜ್ಯಕ್ಕೆ, ಕೆಲವರದು ಮಾತ್ರ ದೇಶಕ್ಕೆಲ್ಲ. ಇಡೀ ದೇಶಕ್ಕೆ ಸಲ್ಲುವ ಲೈಸೆನ್ಸ್ ಇದ್ದವನು ಕಡಿಮೆ ಬೆಲೆ ಎಲ್ಲಿದೆಯೋ ಅಲ್ಲಿಗೆ ಹೋಗಬಹುದು. ಜಿಲ್ಲೆಯ ಲೈಸೆನ್ಸಿನವನು ತನ್ನ ಊರಿನ ಅಂಗಡಿ ಹೇಳಿದ ಬೆಲೆಗೆ ತಲೆ ಬಾಗಬೇಕು. ಕೋವಿ ಕೊಳ್ಳಲು ಲೈಸೆನ್ಸಿನಲ್ಲಿ ಗಡುವು ಬೇರೆ ಇರುತ್ತದೆ. ಗಡುವು ಹತ್ತಿರವಾದವನ ಜೊತೆ ಯಾವ ವ್ಯಾಪಾರಿ ಚೌಕಾಸಿಗೆ ನಿಲ್ಲುತ್ತಾನೆ? ವರ್ಷಕ್ಕೆ ಎಷ್ಟು ತೋಟೆ ಎಂಬುದನ್ನೂ ಕಾಗದವೇ ನಿಗದಿ ಮಾಡುತ್ತದೆ. ಇಷ್ಟೆಲ್ಲ ಬೇಲಿ ಹಾಕಿದ ಸರ್ಕಾರ, ಬೇಲಿಯೊಳಗೆ ಸಿಕ್ಕಿಕೊಂಡವನಿಂದ ಎಷ್ಟು ತೆಗೆದುಕೊಳ್ಳಬಹುದು ಎಂಬುದನ್ನು ಮಾತ್ರ ಅಂಗಡಿಗೇ ಬಿಟ್ಟಿದೆ.

ಇನ್ನು ವಿದೇಶಿ ಕೋವಿಗಳ ಕತೆ. 1980ರ ದಶಕದ ನಡುವಿನಲ್ಲಿ ಸಾಮಾನ್ಯರಿಗೆ ಆಮದನ್ನು ನಿಲ್ಲಿಸಿದರು. ಹೆಸರಾಂತ ಶೂಟಿಂಗ್ ಪಟುಗಳಿಗೆ ಮಾತ್ರ ವಿನಾಯಿತಿ. ಅದಕ್ಕೂ ಮೊದಲು ದೇಶದೊಳಗೆ ಬಂದ ಪಿಸ್ತೂಲುಗಳೇ ಇಂದಿಗೂ ಕೈಯಿಂದ ಕೈಗೆ ದಾಟುತ್ತಿವೆ. ಅಮೆರಿಕದ ಅಂಗಡಿಯಲ್ಲಿ ಒಂದು ಸಾಧಾರಣ ಮೊಬೈಲ್ ಫೋನಿನ ಬೆಲೆಗೆ ಸಿಗುವ ಹಳೆಯ ಪಿಸ್ತೂಲು ಇಲ್ಲಿ ಹಲವು ಲಕ್ಷ. ಅದರ ಗುಣ ಹೆಚ್ಚಲಿಲ್ಲ, ಬಾಗಿಲು ಮುಚ್ಚಿತು ಅಷ್ಟೆ. ಮುಚ್ಚಿದ ಬಾಗಿಲಿಗೂ ಒಂದು ಕಿಂಡಿ ಇತ್ತು. ಕಸ್ಟಮ್ಸ್‌ನವರು ವಶಪಡಿಸಿಕೊಂಡ ವಿದೇಶಿ ಕೋವಿಗಳನ್ನು ಸಂಸದರಿಗೆ, ದೊಡ್ಡ ಅಧಿಕಾರಿಗಳಿಗೆ ಸರ್ಕಾರಿ ದರದಲ್ಲಿ ಹಂಚುವ ಪದ್ಧತಿ ನಮ್ಮಲ್ಲಿ ನಡೆದುಬಂದಿತು. ಅಂದರೆ ಅದೇ ಪಿಸ್ತೂಲಿಗೆ ಮಾರುಕಟ್ಟೆಯಲ್ಲಿ ಒಂದು ಬೆಲೆ, ಗೂಟದ ಕಾರಿನವರಿಗೆ ಇನ್ನೊಂದು. ಪ್ರದೇಶದಿಂದ ಪ್ರದೇಶಕ್ಕೆ ಬೆಲೆ ಬದಲಾಗುತ್ತದೆ ಎನ್ನುತ್ತೇವಲ್ಲ, ದೇಶದಲ್ಲಿ ಕೋವಿ ಅತಿ ಅಗ್ಗವಾಗಿ ಸಿಕ್ಕ ಪ್ರದೇಶಗಳಲ್ಲಿ ಅಧಿಕಾರದ ಅಂಗಳವೂ ಒಂದು.

ಬಡವರ, ಹೆಂಗಸರ ಹೆಸರಿನಲ್ಲಿ ನಡೆದದ್ದನ್ನೂ ನೋಡಿ. 2012ರ ದೆಹಲಿಯ ಘಟನೆಯ ನಂತರ, 2014ರಲ್ಲಿ ಕಾನ್ಪುರದ ಕಾರ್ಖಾನೆ 'ನಿರ್ಭೀಕ್' ಎಂಬ ಹಗುರವಾದ ರಿವಾಲ್ವರ್ ತಂದಿತು. ಮಹಿಳೆಯರ ರಕ್ಷಣೆಗೆ ಎಂದು ಪ್ರಚಾರ. ಬೆಲೆ ಸುಮಾರು 1.22 ಲಕ್ಷ ರೂಪಾಯಿ. ಆಗ ದೇಶದ ತಲಾ ವಾರ್ಷಿಕ ಆದಾಯ ಒಂದು ಲಕ್ಷವನ್ನೂ ಮುಟ್ಟಿರಲಿಲ್ಲ. ರಾತ್ರಿ ಪಾಳಿ ಮುಗಿಸಿ ಬಸ್ಸಿಗೆ ಕಾಯುವ ಗಾರ್ಮೆಂಟ್ಸ್ ಹುಡುಗಿಗೆ ಬೇಕಾದದ್ದು ಬೀದಿದೀಪ, ಸಮಯಕ್ಕೆ ಬರುವ ಬಸ್ಸು, ದೂರು ಬರೆದುಕೊಳ್ಳುವ ಪೊಲೀಸ್ ಠಾಣೆ. ಅವಳ ಹೆಸರು ಹೇಳಿ ಮಾರಿದ ವಸ್ತುವನ್ನು ಕೊಳ್ಳಬಲ್ಲವರು, ಹೊರಗೆ ಹೋಗಲು ಕಾರೂ ಚಾಲಕನೂ ಇರುವ ಮನೆಯವರು.

ಈಗ ನಮ್ಮ ಮಲೆನಾಡಿಗೆ ಬರೋಣ. ತೇಜಸ್ವಿಯವರನ್ನು ಓದಿದವರಿಗೆ ಇಲ್ಲಿಯ ಕೋವಿ ಅಪರಿಚಿತವಲ್ಲ. ಕೊಡಗಿನಲ್ಲಿ ಕೊಡವರಿಗೆ ಮತ್ತು ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಇದೆ. 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕಾಲದಲ್ಲಿ ಕೊಟ್ಟದ್ದು ಅದು. 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಪ್ರಶ್ನಿಸಿ ಹೋದ ಅರ್ಜಿಯನ್ನು ಕರ್ನಾಟಕ ಹೈಕೋರ್ಟ್ 2021ರಲ್ಲಿ ವಜಾ ಮಾಡಿತು. ಕೈಲ್‌ಪೊಳ್ದು ಹಬ್ಬದಲ್ಲಿ ಕೋವಿಗೆ ಪೂಜೆ ಮಾಡುವ ಸಮುದಾಯದ ಹಕ್ಕನ್ನು ಕಿತ್ತುಕೊಳ್ಳಿ ಎಂದು ನಾನು ಹೇಳುತ್ತಿಲ್ಲ. ಜಿಲ್ಲೆಯ ಗಡಿ ದಾಟಿ ಸುಳ್ಯಕ್ಕೋ ಸಕಲೇಶಪುರಕ್ಕೋ ಬನ್ನಿ ಎನ್ನುತ್ತಿದ್ದೇನೆ. ಅದೇ ಮಳೆ, ಅದೇ ಕಾಡು, ಅದೇ ಹಂದಿ. ಆದರೆ ಇಲ್ಲಿಯ ಎರಡು ಎಕರೆಯ ರೈತನಿಗೆ ಅದೇ ಕೋವಿ ಬಹಳ ತುಟ್ಟಿ. ಅಂಗಡಿಯ ರಸೀದಿಯಲ್ಲಿ ವ್ಯತ್ಯಾಸ ಕಾಣದೇ ಇರಬಹುದು. ಅರ್ಜಿ, ಪೊಲೀಸ್ ವರದಿ, ತರಬೇತಿಯ ಪ್ರಮಾಣಪತ್ರ, ಜಿಲ್ಲಾಧಿಕಾರಿ ಕಚೇರಿಗೆ ಮತ್ತೆ ಮತ್ತೆ ಓಡಾಟ, ಕೆಲಸ ಬಿಟ್ಟ ದಿನಗಳ ಕೂಲಿ, ಇವನ್ನೆಲ್ಲ ಕೂಡಿಸಿದಾಗ ಕಾಣುತ್ತದೆ.

ಕಾನೂನು ಹೀಗೆಯೇ ಇರಬೇಕೆಂದು ಹೇಳಿದೆಯೇ? ಇಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 13ನೇ ಸೆಕ್ಷನ್ ತೆರೆದು ನೋಡಿ. ರಕ್ಷಣೆಗೋ ಕ್ರೀಡೆಗೋ 20 ಇಂಚಿಗಿಂತ ಕಡಿಮೆಯಿಲ್ಲದ ನಯ ನಳಿಗೆಯ ಕೋವಿ ಕೇಳಿದ ನಾಗರಿಕನಿಗೆ, ಪ್ರಾಮಾಣಿಕವಾಗಿ ಬೆಳೆ ಕಾಯಲು ಮದ್ದು ತುಂಬುವ ಕೋವಿ ಕೇಳಿದ ರೈತನಿಗೆ, ನಿರಾಕರಿಸಲು ಬಲವಾದ ಕಾರಣವಿಲ್ಲದಿದ್ದರೆ ಲೈಸೆನ್ಸ್ ಕೊಡತಕ್ಕದ್ದು ಎನ್ನುತ್ತದೆ ಅದು. ಪಿಸ್ತೂಲು ಕೇಳುವವನು ಮಾತ್ರ ತನಗೆ ಅದೇಕೆ ಬೇಕು ಎಂಬುದಕ್ಕೆ ತಕ್ಕ ಕಾರಣ ತೋರಿಸಬೇಕು. ಕಾಯ್ದೆ ಬರೆದವರಿಗೆ ರೈತನ ಕೋವಿಗೂ ಸೊಂಟದ ಪಿಸ್ತೂಲಿಗೂ ಇರುವ ಅಂತರ ಗೊತ್ತಿತ್ತು. ಕಚೇರಿಗಳು ಅದನ್ನು ತಲೆಕೆಳಗು ಮಾಡಿಕೊಂಡಿವೆ. ಪ್ರಭಾವಿಯ ಪಿಸ್ತೂಲಿನ ಕಡತ ಓಡುತ್ತದೆ, ರೈತನ ಕೋವಿಯ ಕಡತ ಧೂಳು ತಿನ್ನುತ್ತದೆ.

ಹೇಗೋ ಕೋವಿ ಸಿಕ್ಕಿತು ಎನ್ನಿ. ಚುನಾವಣೆ ಘೋಷಣೆಯಾದೊಡನೆ ಅದನ್ನು ತಂದು ಠೇವಣಿ ಇಡಿ ಎಂಬ ಆದೇಶ ಬರುತ್ತದೆ. ಯಾರ ಕೋವಿ ಇಡಿಸಬೇಕು, ಯಾರದು ಬೇಡ ಎಂದು ಪರಿಶೀಲಿಸಲು ಸ್ಕ್ರೀನಿಂಗ್ ಸಮಿತಿಗಳಿವೆ. ಆದರೂ ಅಪರಾಧದ ಸೋಂಕಿಲ್ಲದ ಬೆಳೆಗಾರರೂ ಸಾಲಿನಲ್ಲಿ ನಿಂತು, ವಿನಾಯಿತಿಗೆ ಕೋರ್ಟು ಹತ್ತಬೇಕಾಗಿ ಬಂದಿದೆ. ಲೋಕಸಭೆ, ವಿಧಾನಸಭೆ, ಪಂಚಾಯಿತಿ ಎಂದು ಮತ್ತೆ ಮತ್ತೆ ಕೋವಿಯಿಲ್ಲದ ವಾರಗಳು. ಹಂದಿಗಳಿಗೆ ನೀತಿ ಸಂಹಿತೆ ಅನ್ವಯಿಸುವುದಿಲ್ಲ.

ಇಷ್ಟು ದುಬಾರಿಯಾದಾಗ ಜನ ಏನು ಮಾಡುತ್ತಾರೆ? ಬೆಳೆ ಬಿಟ್ಟುಕೊಟ್ಟು ಸುಮ್ಮನಿರುವವರು ಕೆಲವರು. ಉಳಿದವರು ಉರುಳು ಕಟ್ಟುತ್ತಾರೆ, ಸಿಡಿಮದ್ದು ಇಡುತ್ತಾರೆ, ಬೇಲಿಗೆ ಕರೆಂಟು ಹಾಯಿಸುತ್ತಾರೆ, ಕುಲುಮೆಯಲ್ಲಿ ಕದ್ದು ಮಾಡಿಸಿದ ನಾಡಕೋವಿ ಹಿಡಿಯುತ್ತಾರೆ. ಉರುಳಿಗೆ ಹಂದಿಯ ಬದಲು ಚಿರತೆ ಬೀಳುತ್ತದೆ, ಸಿಡಿಮದ್ದಿಗೆ ದನದ ಬಾಯಿ ಒಡೆಯುತ್ತದೆ, ಕರೆಂಟಿಗೆ ಆನೆಯೂ ಸಾಯುತ್ತದೆ, ಮನುಷ್ಯನೂ ಸಾಯುತ್ತಾನೆ, ನಾಡಕೋವಿಯ ನಳಿಗೆ ಹಿಡಿದವನ ಮುಖಕ್ಕೇ ಸಿಡಿಯುತ್ತದೆ. ಲೈಸೆನ್ಸಿನ ಕೋವಿಗೆ ನಂಬರ್ ಇರುತ್ತದೆ, ಮಾಲೀಕನಿಗೆ ವಿಳಾಸ ಇರುತ್ತದೆ. ಇವಕ್ಕೆ ಯಾವುದೂ ಇಲ್ಲ.

ನಗರದ ಓದುಗರು ಇಲ್ಲಿ ತಡೆದು ಕೇಳಬಹುದು: ಬೆಲೆ ಹೆಚ್ಚಿದ್ದರೆ ಒಳ್ಳೆಯದೇ ಅಲ್ಲವೆ, ಕೋವಿಗಳು ಕಡಿಮೆಯಾಗುತ್ತವೆ? ಕೇಳಬೇಕಾದ ಪ್ರಶ್ನೆಯೇ. ಮನೆಯಲ್ಲಿ ಕೋವಿ ಇದ್ದರೆ ಜಗಳ ಕೊಲೆಯಾಗುವ, ಬೇಸರ ಆತ್ಮಹತ್ಯೆಯಾಗುವ ಅಪಾಯ ಹೆಚ್ಚು ಎಂಬುದನ್ನು ನಾನು ಅಲ್ಲಗಳೆಯುವುದಿಲ್ಲ. ಆದರೆ ಬೆಲೆ ಆ ಅಪಾಯವನ್ನು ಸೋಸುವುದಿಲ್ಲ, ಜೇಬನ್ನು ಸೋಸುತ್ತದೆ. 2016ರ ಕೊನೆಗೆ ದೇಶದಲ್ಲಿ ಸುಮಾರು 33.7 ಲಕ್ಷ ಲೈಸೆನ್ಸ್‌ಗಳಿದ್ದವು, ಅದರಲ್ಲಿ ಉತ್ತರ ಪ್ರದೇಶ ಒಂದರಲ್ಲೇ 12.7 ಲಕ್ಷಕ್ಕೂ ಹೆಚ್ಚು. ಕರ್ನಾಟಕದಲ್ಲಿ 1.13 ಲಕ್ಷ. ಅಲ್ಲಿ ಕೋವಿ ಪ್ರತಿಷ್ಠೆಯ ವಸ್ತು, ಮದುವೆ ದಿಬ್ಬಣದಲ್ಲಿ ಆಕಾಶಕ್ಕೆ ಹಾರಿಸುವ ಆಟಿಕೆ. ಸಂಭ್ರಮಕ್ಕೆ ಗುಂಡು ಹಾರಿಸುವುದನ್ನು ಅಪರಾಧ ಎಂದು 2019ರ ತಿದ್ದುಪಡಿಯಲ್ಲಿ ಪ್ರತ್ಯೇಕವಾಗಿ ಬರೆಯಬೇಕಾಯಿತು. ಲಕ್ಷದ ಬೆಲೆ ಅವರನ್ನು ತಡೆಯಲಿಲ್ಲ. ಬೆಲೆ ಏರಿದಷ್ಟೂ ಪ್ರತಿಷ್ಠೆ ಏರಿತು.

ಕೊಲ್ಲಲು ಹೊರಟವನನ್ನಂತೂ ಬೆಲೆ ಮುಟ್ಟುವುದೇ ಇಲ್ಲ. ಹದಿನೆಂಟನೇ ಶತಮಾನದಲ್ಲಿ ಮೀರ್ ಕಾಸಿಂ ಕೋವಿ ತಯಾರಿಕೆ ಬೆಳೆಸಿದ ಬಿಹಾರದ ಮುಂಗೇರ್‌ನಲ್ಲಿ ಇಂದು ಲೈಸೆನ್ಸ್ ಇರುವ ಕುಶಲಕರ್ಮಿಗಳಿಗೆ ಕೆಲಸ ಕಡಿಮೆ. ಅದೇ ಊರಿನ ಹೆಸರು ಹೊತ್ತ ಕಳ್ಳ ಪಿಸ್ತೂಲುಗಳಿಗೆ ದೇಶದ ತುಂಬ ಗಿರಾಕಿ, ಸರ್ಕಾರಿ ರಿವಾಲ್ವರಿನ ಬೆಲೆಯ ಸಣ್ಣದೊಂದು ಪಾಲಿಗೆ. 2015ರಲ್ಲಿ ಧಾರವಾಡದಲ್ಲಿ ಕಲಬುರ್ಗಿಯವರನ್ನು, 2017ರಲ್ಲಿ ಬೆಂಗಳೂರಿನಲ್ಲಿ ಗೌರಿ ಲಂಕೇಶರನ್ನು ಕೊಂದದ್ದು ಒಂದೇ ನಾಡ ಪಿಸ್ತೂಲು ಎಂದು ವಿಧಿವಿಜ್ಞಾನ ಪರೀಕ್ಷೆ ಹೇಳಿತು. 7.65 ಮಿಲಿಮೀಟರಿನದು. ಅದನ್ನು ಹಿಡಿದವರು ಯಾವ ಜಿಲ್ಲಾಧಿಕಾರಿಗೂ ಅರ್ಜಿ ಹಾಕಲಿಲ್ಲ, ಚುನಾವಣೆ ಬಂತೆಂದು ಯಾವ ಠಾಣೆಯಲ್ಲೂ ಠೇವಣಿ ಇಡಲಿಲ್ಲ. ಎರಡು ವರ್ಷ ಅದು ಇನ್ನೊಂದು ಕೊಲೆಗೆ ಕಾದು ಕುಳಿತಿತ್ತು. ಆ ಎರಡು ವರ್ಷವೂ ನಮ್ಮ ಕಚೇರಿಗಳು ರೈತರ ಕಡತಗಳ ಕೊಕ್ಕೆ ಹುಡುಕುತ್ತಿದ್ದವು.

ಕೋವಿ ಅಗ್ಗವಾಗಲಿ ಎಂಬುದು ಈ ಬರಹದ ಬೇಡಿಕೆಯಲ್ಲ. ಸಬ್ಸಿಡಿ ಬೇಡ. ಕಾರ್ಖಾನೆಯ ಬೆಲೆಯನ್ನೂ ಅಂಗಡಿಯ ಗರಿಷ್ಠ ಬೆಲೆಯನ್ನೂ ಎಲ್ಲರಿಗೂ ಕಾಣುವಂತೆ ಪ್ರಕಟಿಸಿ. ಮಾತ್ರೆಗೆ ಸಾಧ್ಯವಾದದ್ದು ಕೋವಿಗೇಕೆ ಸಾಧ್ಯವಿಲ್ಲ? ವಶಪಡಿಸಿಕೊಂಡ ಕೋವಿಗಳನ್ನು ಯಾರಿಗೂ ಹಂಚದೆ ಕರಗಿಸಿ. ಬೆಳೆ ರಕ್ಷಣೆಯ ಅರ್ಜಿಗೆ ಕೊಡುತ್ತೇವೆ ಅಥವಾ ಇಂಥ ಕಾರಣಕ್ಕೆ ಇಲ್ಲ ಎಂಬ ಉತ್ತರವನ್ನು ಗಡುವಿನೊಳಗೆ ಬರೆದು ಕೊಡಿ. ಅರ್ಜಿದಾರನ ತರಬೇತಿ, ಮನಸ್ಥಿತಿ, ಕುಡಿತ, ಮನೆಯ ಜಗಳದ ಚರಿತ್ರೆ, ಕೋವಿ ಇಡುವ ಬೀಗದ ಪೆಟ್ಟಿಗೆ, ಇವನ್ನು ಇನ್ನೂ ಬಿಗಿಯಾಗಿ ನೋಡಿ. ಸಂಸದನಾದರೂ ಅಷ್ಟೆ, ಸಾಗುವಳಿದಾರನಾದರೂ ಅಷ್ಟೆ. ಬೆಳೆಹಾನಿಯ ಪರಿಹಾರವನ್ನು ಮುಂದಿನ ಬಿತ್ತನೆಯ ಮೊದಲು ಕೊಡಿ, ಆಗ ಎಷ್ಟೋ ರೈತರು ಕೋವಿಯ ಮಾತೇ ಎತ್ತುವುದಿಲ್ಲ.

ಕೋವಿಯನ್ನು ಅಪಾಯದ ವಸ್ತು ಎಂದು ಸರ್ಕಾರ ನಿಜವಾಗಿ ನಂಬಿದ್ದರೆ ಹಿಡಿಯುವ ಕೈಯನ್ನು ಪರೀಕ್ಷಿಸುತ್ತಿತ್ತು. ಈಗ ಪರೀಕ್ಷಿಸುತ್ತಿರುವುದು ಆ ಕೈ ಯಾರ ಕೈಕುಲುಕಬಲ್ಲದು ಎಂಬುದನ್ನು. ಅಂಗಡಿಯಿಂದ ಅಂಗಡಿಗೆ ಬೆಲೆ ಏಕೆ ಬದಲಾಗುತ್ತದೆ ಎಂದು ವ್ಯಾಪಾರಿಯನ್ನು ಕೇಳಿ ಪ್ರಯೋಜನವಿಲ್ಲ. ಜಿಲ್ಲಾಧಿಕಾರಿ ಕಚೇರಿಯ ಶಸ್ತ್ರಾಸ್ತ್ರ ವಿಭಾಗದಲ್ಲಿ, ಎಷ್ಟು ಅರ್ಜಿ ಬಂದವು, ಎಷ್ಟು ದಿನ ಕೂತವು, ಯಾರವು ಮೊದಲು ಎದ್ದವು ಎಂದು ಕೇಳಬೇಕು. ಮಾಹಿತಿ ಹಕ್ಕಿನ ಅರ್ಜಿಗೆ ಹತ್ತು ರೂಪಾಯಿ. ಈ ಇಡೀ ವ್ಯವಹಾರದಲ್ಲಿ ಎಲ್ಲರಿಗೂ ಒಂದೇ ಬೆಲೆ ಇರುವ ಕಾಗದ ಬಹುಶಃ ಅದೊಂದೇ.