ಬದುಕು ಬದಲಾಗುವಾಗ ಬರೆದಿಡುವುದು ಯಾಕೆ?

ಅಪ್ಪ ತೀರಿಕೊಂಡಾಗ ನಾನು ಪತ್ರಿಕೆಗೆ ಕಳಿಸಿದ್ದು ನಾಲ್ಕು ಸಾಲು. ಹೆಸರು, ವಯಸ್ಸು, ಅಗಲಿದ ಬಂಧುಗಳು, ಅಂತ್ಯಕ್ರಿಯೆ. ಉಳಿದದ್ದನ್ನೆಲ್ಲ ಆ ರಾತ್ರಿ ನೋಟ್‌ಬುಕ್‌ನಲ್ಲಿ ಬರೆದೆ. ಆಮೇಲೆ ಜಮೀನು ಪಾಲಾಯಿತು, ಅಮ್ಮ ನಮ್ಮ ಜತೆ ಬಾಡಿಗೆ ಮನೆಗೆ ಬಂದಳು. ಬರೆಯುವುದು ಮಾತ್ರ ನಿಲ್ಲಲಿಲ್ಲ. ‘ಇದೆಲ್ಲ ಯಾರಿಗೆ?’ ಎಂದು ಹೆಂಡತಿ ಕೇಳಿದಳು.

ಮನಸ್ಸು ಹಗುರಾಗುತ್ತದೆ ಎಂದೆ. ಅದು ಅರ್ಧ ಉತ್ತರ. ವರ್ಷದ ಮೇಲೆ ಆ ಪುಟಗಳನ್ನು ಓದಿದೆ. ಪಾಲಿನ ದಿನ ನಾನು ಸುಮ್ಮನಿದ್ದೆ ಎಂದೇ ನಂಬಿದ್ದೆ. ಅಣ್ಣನ ಮೇಲೆ ಕೂಗಾಡಿದ್ದನ್ನು ನಾನೇ ಬರೆದಿಟ್ಟಿದ್ದೆ! ನೆನಪು ನಮ್ಮ ಪರವಾಗಿ ವಾದಿಸುತ್ತದೆ, ತಾರೀಖು ಹಾಕಿದ ಪುಟ ಸಾಕ್ಷಿ ಹೇಳುತ್ತದೆ. ಕುವೆಂಪು ಅವರೂ ‘ನೆನಪಿನ ದೋಣಿಯಲ್ಲಿ’ ಬರೆಯುವಾಗ ಬರೀ ನೆನಪನ್ನು ನಂಬಿ ಕೂರಲಿಲ್ಲ, ಹಳೆಯ ದಿನಚರಿಯ ಪುಟಗಳನ್ನೂ ಸೇರಿಸಿದರು.

ಆದರೆ ಬರೆದಿದ್ದನ್ನೆಲ್ಲ ಹೊರಗೆ ಹಾಕಬೇಕೆ? ಯುದ್ಧಕಾಲದ ದಿನಚರಿಗಳನ್ನು ಸಂಗ್ರಹಿಸಬೇಕೆಂಬ ರೇಡಿಯೊ ಭಾಷಣವನ್ನು 1944ರ ಮಾರ್ಚ್‌ನಲ್ಲಿ ಕೇಳಿದ ಆ್ಯನ್ ಫ್ರಾಂಕ್, ತನ್ನ ದಿನಚರಿಯನ್ನು ಓದುಗರಿಗಾಗಿ ತಿದ್ದಿ ಬರೆಯತೊಡಗಿದಳು. ಅಡಗುದಾಣದಲ್ಲಿ ಜತೆಗಿದ್ದವರಿಗೆ ಬೇರೆ ಹೆಸರುಗಳನ್ನೂ ಯೋಚಿಸಿಟ್ಟಳು.

ನನ್ನ ಕಷ್ಟದ ಕತೆಯಲ್ಲಿ ಅಮ್ಮನ ಅಳುವಿದೆ, ಅಣ್ಣನ ಸಾಲವಿದೆ. ಬರೆದುಕೊಳ್ಳಲು ಯಾರ ಅಪ್ಪಣೆಯೂ ಬೇಡ. ಪ್ರಕಟಿಸಲು ಬೇಕು. ಊರಿನ ಜಗಳದ ಸುದ್ದಿ ಮಾಡುವಾಗ ಎರಡೂ ಕಡೆಯವರನ್ನು ಮಾತಾಡಿಸುತ್ತೇವೆ. ಮನೆಯ ವಿಷಯಕ್ಕೂ ಅದೇ ನಿಯಮ ಇರಲಿ.

ಇದನ್ನು ಕಳಿಸುವ ಮುನ್ನ ಅಣ್ಣನಿಗೆ ಓದಿ ಹೇಳಿದೆ. ‘ಸಾಲದ ವಿಷಯ ಇರಲಿ ಬಿಡು. ಅವತ್ತು ನಾನೂ ಕೂಗಾಡಿದ್ದೆ, ಅದನ್ನೂ ಹಾಕು’ ಅಂದ.